ಕಿಲ್ವರ್ ಎಕ್ಕಾ, ತೊಟ್ಟಿಲ ಗಿಳಿ

ಇವತ್ತು ನಮ್ಮ ಮನೆಯಲ್ಲಿ ಕಾಲಿಡಲು ಜಾಗ ಇಲ್ಲ ನೋಡ್ರಿ. ಮೊಮ್ಮಗಳು ಹುಟ್ಟಿದ್ದಾಳೆ, ಸಂಜೆಗೆ ತೊಟ್ಟಿಲಿಗೆ ಹಾಕಿ ಹೆಸರಿಡುವುದಿದೆ. ಬಂದವರಿಗೆ ಸಕ್ಕರೆ ಕೊಟ್ಟು, ಕೊಟ್ಟದ್ದು ಮರೆತು ಮತ್ತೆ ಕೊಟ್ಟು, ಇನ್ನೊಮ್ಮೆ ಕೊಡಲು ಹೋದಾಗ ಮಗನ ಕೈಲಿ ಬೈಸಿಕೊಂಡು ಪಡಸಾಲೆಯ ಮೂಲೆ ಹಿಡಿದು ಕೂತಿದ್ದೇನೆ. ಬೈದರೂ ನಗು ನಿಲ್ಲವಲ್ಲದು. ತೊಟ್ಟಿಲು ಎದುರಿಗೇ ಇದೆ. ನಾವೇ ಮಾಡಿದ್ದು. ಎಲ್ಲ ಮುಗಿದಿದೆ, ಒಂದು ಗಿಳಿಗೆ ಒಂದು ಕಣ್ಣು ಮಾತ್ರ ಬಾಕಿ. ಬಂದವರೆಲ್ಲ ಬೆರಳು ಮಾಡಿ ತೋರಿಸುತ್ತಾರೆ.

"ಆಯೀ, ಗಿಳಿ ಕುರುಡ ಐತಲ್ಲ!"

"ಐತಿ, ಇರ್ಲಿ ಬಿಡ್ರಿ," ಅನ್ನುತ್ತೇನೆ.

ಯಾಕೆ ಬಿಟ್ಟೆ ಅಂತ ಹೇಳಬೇಕೆಂದರೆ ಭಾಳ ಹಿಂದಕ್ಕೆ ಹೋಗಬೇಕು. ನಾನು ಸಾಲಿ ಮೆಟ್ಟಿಲು ಹತ್ತಿದ್ದೇ ಎರಡು ವರ್ಷ, ಅದೂ ನಿಜಾಮರ ಕಾಲದ ಉರ್ದು ಸಾಲಿ. ಕನ್ನಡ ಅಕ್ಷರ ತವರಲ್ಲಿ ಅಣ್ಣನ ಪಾಟಿ ನೋಡಿ ಕಲಿತದ್ದು. ಹಿಂದುಮುಂದಾದರೆ ಹೊಂದಿಸಿಕೊಂಡು ಓದ್ರಿ.

ಆಗ ದೊಡ್ಡ ಯುದ್ಧ ನಡೆದಿತ್ತು. ನಾನು ಕಿನ್ನಾಳಕ್ಕೆ ಸೊಸೆಯಾಗಿ ಬಂದು ಭಾಳ ದಿನ ಆಗಿರಲಿಲ್ಲ. ನಮ್ಮದು ಬೊಂಬೆ, ತೊಟ್ಟಿಲು, ಮಣೆ ಮಾಡುವ ಮನೆ. ಕಟ್ಟಿಗೆ ಕೊಯ್ದು ಕೂಡಿಸುವುದು ನಮ್ಮ ಮನೆಯವರ ಕೆಲಸ. ಗೆರೆ ಎಳೆದು ಬಣ್ಣ ತುಂಬುವುದು, ಕಣ್ಣು ಇಡುವುದು ನಮ್ಮ ಮಾವನವರದು. ಅತ್ತೆ ಬಣ್ಣ ಅರೆಯುತ್ತಿದ್ದರು. ಗೋಣಿತಟ್ಟು ನೆನೆಸಿ, ಒಣಗಿಸಿ, ಕುಟ್ಟಿ, ಕಟ್ಟಿಗೆ ಪುಡಿ ಮತ್ತು ಹುಣಸೆಬೀಜದ ಅಂಟು ಹಾಕಿ ನಾದುವ ಕಿಟ್ಟ ಮಾತ್ರ ನನ್ನ ಪಾಲಿನದು. ಅದನ್ನು ಮೈತುಂಬ ಮೆತ್ತಿದ ಮೇಲೆಯೇ ಕಟ್ಟಿಗೆ ಬಣ್ಣ ಹಿಡಿಯುವುದು.

ನಮ್ಮಲ್ಲಿ ಎರಡು ರೂಢಿ ಇದ್ದವು. ಕಣ್ಣಿಲ್ಲದ ಚಿತ್ರ ಹೊಸ್ತಿಲು ದಾಟಬಾರದು. ಮತ್ತೆ, ಎಲ್ಲ ಕಣ್ಣು ಇಟ್ಟ ಮೇಲೆ ಉಳಿದ ಕೊನೆಯ ಒಂದು ಕಣ್ಣನ್ನು ಬಣ್ಣ ಅರೆದವರು ಇಡಬೇಕು. ಮಾವ ಕುಂಚ ಚಾಚುತ್ತಿದ್ದರು, ಅತ್ತೆ ಅಡುಗೆ ಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಚುಕ್ಕೆ ಇಟ್ಟು ಹೋಗುತ್ತಿದ್ದರು. ಅದೊಂದು ದೊಡ್ಡ ಸಂಗತಿ ಅಂತ ಅವರಿಬ್ಬರೂ ಎಂದೂ ಮಾಡಿದವರಲ್ಲ. ಒಲೆ ಮೇಲಿನ ಹಾಲು ನೋಡಿ ಬಂದಷ್ಟೇ ಸಲೀಸು.

ಆ ವರ್ಷ ಮಳೆಗಾಲದಲ್ಲಿ ಅತ್ತೆ ಚಳಿಜ್ವರದಲ್ಲಿ ತೀರಿಕೊಂಡರು.

ಆಮೇಲೆ ಮಾವನವರಿಗೆ ಏನಾಯಿತು ಅನ್ನುವುದು ನನಗೆ ಮೊದಲು ತಿಳಿಯಲಿಲ್ಲ. ಅಳಲಿಲ್ಲ, ಊಟ ಬಿಡಲಿಲ್ಲ. ಬೆಳಿಗ್ಗೆ ಎದ್ದು ಕುಂಚ ಹಿಡಿದು ಕೂಡುತ್ತಿದ್ದರು. ಆನೆಯ ಬೆನ್ನಿನ ಗೆರೆ ಹಿಡಿಯುತ್ತಿದ್ದರು. ಓಣಿಯಲ್ಲಿ ಎತ್ತಿನ ಗೆಜ್ಜೆ ಕೇಳಿದರೆ ಗೆರೆ ಅಲ್ಲಿಗೇ ಬಿಟ್ಟು ಎದ್ದು ಬಾಗಿಲಿಗೆ ಹೋಗುತ್ತಿದ್ದರು. ತಿರುಗಿ ಬಂದು ಬೇರೆ ಕಡೆಯಿಂದ ಹಿಡಿಯುತ್ತಿದ್ದರು. ಎರಡು ಗೆರೆ ಕೂಡುತ್ತಿರಲಿಲ್ಲ. ಊರವರು ಮುದುಕನ ಕೈ ನಡುಗುತ್ತದೆ ಅಂದರು. ಕೈ ನಡುಗುತ್ತಿರಲಿಲ್ಲ. ಲಕ್ಷ್ಯ ನಡುಗುತ್ತಿತ್ತು.

ಅಂಥ ಹೊತ್ತಿನಲ್ಲೇ ಗಂಗಾವತಿಯ ಭತ್ತದ ಸಾವುಕಾರರ ಗುಮಾಸ್ತ ಬಂದ. ತೊಟ್ಟಿಲು ಹೇಳಿ ಹೋಗಿದ್ದು ಅತ್ತೆ ಇದ್ದಾಗ. ಕಟ್ಟಿಗೆ ಕೆಲಸ ಮುಗಿದಿತ್ತು, ಕಿಟ್ಟ ಮೆತ್ತಿ ಸುಣ್ಣದ ಹಾಗೆ ಬೆಳ್ಳಗೆ ಮಾಡಿ ಇಟ್ಟಿದ್ದೆ. ಮೇಲೆ ಅರ್ಧ ಅರ್ಧ ಗೆರೆ.

"ಏನ್ರಿ ಇದು, ಇರಬಿ ಹರಿದಾಡಿದಂಗ ಐತಿ?" ಅಂದ ಗುಮಾಸ್ತ.

ಆಮೇಲೆ ಅವನೇ ದನಿ ಇಳಿಸಿದ. "ನೋಡ್ರಿ, ಸಾವುಕಾರ್ರ ಸೊಸಿಗೆ ಹಿಂದ ಎರಡು ಕೂಸು ಉಳೀಲಿಲ್ಲ. ಈಗ ಮತ್ತ ಬಸರಿ ಅದಾಳ, ಈ ಸಲ ಕಿನ್ನಾಳದ ತೊಟ್ಟಲ ಬಂದ ಮ್ಯಾಲ ಹೆಸರು, ಅಲ್ಲೀತನಕ ಹೆಸರ ಇಡಾಂಗಿಲ್ಲ ಅಂತ ಹಟ ಹಿಡದಾಳ. ಆಗೂದಿಲ್ಲಂದ್ರ ಈಗ ಹೇಳ್ರಿ, ಬ್ಯಾರೆ ಮನಿ ನೋಡ್ತೀನಿ."

"ಆಗ್ತೈತ್ರಿ," ಅಂತ ಅಡುಗೆ ಮನೆ ಬಾಗಿಲಿಂದ ನಾನಂದೆ. ಹೊಸ ಸೊಸೆ ಹಾಗೆ ಗಂಡಸರ ಮಾತಿನ ನಡುವೆ ಬಾಯಿ ಹಾಕುವ ಕಾಲ ಅಲ್ಲ. ಮನೆಯವರು ತಿರುಗಿ ನೋಡಿದರು. ಗುಮಾಸ್ತ ಹೋದ ಮೇಲೆ ಕೇಳಿದರು, "ಆಗ್ತೈತಂದಿ. ಹೆಂಗ ಆಗ್ತೈತಿ, ನೀ ಬರಿತೀಯೇನು?"

"ಮಾವಾರು ಬರೀತಾರ."

"ಅಪ್ಪ ಒಂದ ಆನಿ ಮುಗಸಲಿಲ್ಲ ಅಂದ್ರ ನಾ ಉಳಿ, ಗರಗಸ ಕಟ್ಟಿ ಮ್ಯಾಲ ಇಡಾವ. ಗಂಗಾವತಿ ಮಿಲ್ಲಿನ್ಯಾಗ ಚೀಲ ಹೊರಾಕ ಹೋಗ್ತೀನಿ. ಚೀಲಕ್ಕ ಕಣ್ಣ ಬರಿಯೂದು ಇರಾಂಗಿಲ್ಲ."

ತಮಾಷೆಗೆ ಅಂದದ್ದಲ್ಲ. ಮಿಲ್ಲಿನ ಮೇಸ್ತ್ರಿಯನ್ನು ಆಗಲೇ ಕೇಳಿ ಬಂದಿದ್ದರು. ಅವರು ಹೋದರೆ ಆ ಮನೆಯಲ್ಲಿ ಕಟ್ಟಿಗೆ ಕೊಯ್ಯುವವರೂ ಇಲ್ಲ, ಗೆರೆ ಎಳೆಯುವವರೂ ಇಲ್ಲ. ಕೆಲಸ ಅಲ್ಲಿಗೆ ಮುಗಿಯುತ್ತಿತ್ತು.

ಅದೇ ವಾರವೋ ಮರುವಾರವೋ, ಕೊಪ್ಪಳ ಟೇಸನ್ನಿನಲ್ಲಿ ತಂತಿ ಸುದ್ದಿ ನೋಡಿಕೊಳ್ಳುವ ತಾರ್ ಮಾಸ್ತರರು ಬಂದರು. ರಜೆಯಲ್ಲಿ ತಮ್ಮೂರಿಗೆ ಒಯ್ಯಲು ಮೊದಲೇ ಕೊಂಡಿದ್ದ ಬೊಂಬೆಗೆ ಮೆರುಗೆಣ್ಣೆ ಹಚ್ಚಿಸಿದ್ದರು. ಮೋಡ ಮುಚ್ಚಿ ಅದು ಒಣಗಿರಲಿಲ್ಲ. ಕಾಯುತ್ತ ಕಟ್ಟೆಯ ಮೇಲೆ ಕೂತು ಕೋಟಿನ ಕಿಸೆಯಿಂದ ಇಸ್ಪೀಟು ಎಲೆ ತೆಗೆದರು. ಏಳು ಸಾಲು ಹಾಸಿದರು. ಮೊದಲ ಸಾಲಿಗೆ ಒಂದು, ಎರಡನೆಯದಕ್ಕೆ ಎರಡು, ಹಾಗೇ ಏಳರ ತನಕ. ಸಾಲಿನ ಮೇಲಿನ ಎಲೆ ಮಾತ್ರ ಮುಖ ಮೇಲೆ, ಉಳಿದವು ಬೋರಲು. ಕೆಂಪಿನ ಮೇಲೆ ಕರಿ, ಕರಿಯ ಮೇಲೆ ಕೆಂಪು, ಇಳಿಕೆ ಲೆಕ್ಕ. ಎಕ್ಕಾ ಸಿಕ್ಕರೆ ಮೇಲೆ ಬೇರೆ ಇಡುವುದು, ಅದರ ಮೇಲೆ ಅದೇ ಜಾತಿಯ ಎರಡು, ಮೂರು ಏರುತ್ತ ಹೋಗಿ ರಾಜನಿಗೆ ಮುಗಿಯುವುದು. ಎಲ್ಲ ಏರಿದರೆ ಆಟ ಬಿದ್ದಂತೆ, ಅಂದರೆ ಗೆದ್ದಂತೆ.

ಮಾವ ಎದ್ದು ಹೋಗಿ ನೋಡುತ್ತ ನಿಂತರು.

"ಏನ್ ಮಾಸ್ತರ್ರ, ಒಬ್ಬರ ಆಡಾಕತ್ತೀರಿ?"

"ತಾರಿನ ಮುಂದ ಕುಂಡ್ರೂ ಕೆಲಸ ರೀ ನಮ್ದು. ಸುಮ್ನ ಕುಂತ್ರ ಕಣ್ಣು ಮುಚ್ಚತಾವು. ಯಾರ ಕೂಡರ ಆಡಿದ್ರ ಕಿವಿ ಅವರ ಕಡೆ ಹೋಗ್ತೈತಿ. ಇದು ಕಣ್ಣು ಹಿಡೀತೈತಿ, ಕಿವಿ ಬಿಡತೈತಿ. ತಾರು ಕಟಕಟ ಅಂದ್ರ ಗೊತ್ತಾಗ್ತೈತಿ."

"ಸೋತ್ರ ಯಾರು ಸೋತಂಗ?"

"ನಾನ."

"ಗೆದ್ರ?"

"ಅದೂ ನಾನ. ಜಗಳ ಇಲ್ಲ."

"ನಮ್ಮ ಮನ್ಯಾಗೂ ಈಗ ಹಂಗ ಆಗೇತಿ ನೋಡ್ರಿ," ಅಂದರು ಮಾವ. "ಜಗಳಾನ ಇಲ್ಲ."

ಅತ್ತೆ ಹೋದ ಮೇಲೆ ಅವರು ಅಷ್ಟು ಮಾತಾಡಿದ್ದು ಅವತ್ತೇ. ಮಾಸ್ತರರಿಗೂ ಏನೋ ಅನ್ನಿಸಿರಬೇಕು. ಹೋಗುವಾಗ, "ಮೂಲಿ ಸವದಾವು, ನನ್ನ ಕಡೆ ಹೊಸಾ ಕಟ್ಟು ಐತಿ, ಇದು ನಿಮಗ ಇರ್ಲಿ," ಅಂತ ಎಲೆಗಳನ್ನು ಅಲ್ಲೇ ಬಿಟ್ಟು ಹೋದರು.

ಮರುದಿನದಿಂದ ಮಾವ ಎಲೆ ಹಾಸಿ ಕೂತರು. ಮೊದಲು ನನಗೆ ಹಿಗ್ಗೋ ಹಿಗ್ಗು. ಓಣಿಯಲ್ಲಿ ಗೆಜ್ಜೆ ಸದ್ದಾದರೂ ಏಳಲಿಲ್ಲ! ಬಿಸಿಲು ಕಟ್ಟೆಯಿಂದ ಕಂಬಕ್ಕೆ ಸರಿದರೂ ಕೂತೇ ಇದ್ದರು. ಬೆರಳು ಎಲೆಯ ಮೇಲೆ ಇಟ್ಟುಕೊಂಡು, ಸರಿಸಲೋ ಬೇಡವೋ ಅಂತ ಯೋಚಿಸುತ್ತಿದ್ದರು. ಕುಂಚ ಹಿಡಿದಾಗ ಹುಬ್ಬು ಹೇಗೆ ಕೂಡುತ್ತಿದ್ದವೋ ಹಾಗೇ ಕೂಡಿದ್ದವು. ಓಡಿಹೋದ ಕರು ತಾನೇ ತಿರುಗಿ ಬಂದು ಗೂಟದ ಹತ್ತಿರ ನಿಂತಂತೆ ಕಂಡಿತು ನನಗೆ.

ಆದರೆ ಆ ಗೂಟ ಬಿಟ್ಟು ಅವರು ಕದಲಲೇ ಇಲ್ಲ. ಎಲೆ ಹಾಸುವುದು, ಕೂಡಿಸುವುದು, ಮತ್ತೆ ಹಾಸುವುದು. ತೊಟ್ಟಿಲ ಮೇಲೆ ಧೂಳು ಕೂತಿತು. ನಮ್ಮ ಮನೆಯವರ ಸಹನೆ ತೀರಿತು.

"ಒಲಿಗೆ ಹಾಕ್ತೀನಿ ಇವನ್ನ," ಅಂದರು ಒಂದು ಬೆಳಿಗ್ಗೆ. ಮಾವ ಕೆರೆಯ ಕಡೆ ಹೋಗಿದ್ದರು, ಎಲೆಗಳು ಚಾಪೆಯ ಮೇಲೆ ಇದ್ದವು.

"ಬ್ಯಾಡ್ರಿ. ಎಲಿ ಸುಟ್ರ ಮತ್ತ ಗೆಜ್ಜಿ ಸದ್ದಿಗೆ ಎದ್ದು ಓಡ್ತಾರ."

"ಹಂಗಂದ್ರ ಎಲಿ ಪೂಜಿ ಮಾಡ್ಕೊಂತ ಕುಂಡ್ರೂದೇನು?"

ನಾನು ಎಲೆಗಳನ್ನು ನೋಡಿದೆ. ಒಂದು ಎತ್ತಿಕೊಂಡೆ. ಕಿಲ್ವರ್ ಎಕ್ಕಾ, ನಡುವೆ ಒಂದೇ ಒಂದು ಕರಿ ಮೂರೆಲೆ ಹೂವು. ಅದನ್ನು ಹುಣಸೆಬೀಜದ ಗಡಿಗೆಯೊಳಗೆ ಕೈ ಆಳಕ್ಕೆ ಇಳಿಸಿ ಮುಚ್ಚಿಟ್ಟೆ. ಮನೆಯವರು ಬಾಯಿ ತೆರೆದು ನಿಂತರು.

"ಎಕ್ಕಾ ಇಲ್ಲಂದ್ರ ಆಟ ಬೀಳಾಂಗಿಲ್ಲ," ಅಂದೆ. "ಆಟ ಬೀಳಬೇಕಂದ್ರ ಎಕ್ಕಾ ಮಾಡ್ಕೋಬೇಕು. ಮಾಡ್ಕೋಬೇಕಂದ್ರ ಕುಂಚ ಹಿಡೀಬೇಕು."

"ಎಲಾ ಇಕಿನ," ಅಂದರು, ಅಷ್ಟೇ. ಆದರೆ ಅವತ್ತು ಮಿಲ್ಲಿನ ಮಾತು ಎತ್ತಲಿಲ್ಲ.

ಮಾವ ಸಂಜೆ ತನಕ ಹುಡುಕಿದರು. ಚಾಪೆ ಝಾಡಿಸಿದರು, ಕಟ್ಟೆಯ ಬಿರುಕಿನಲ್ಲಿ ಕಡ್ಡಿ ಹಾಕಿ ನೋಡಿದರು. "ಹೆಗ್ಗಣ ಒಯ್ದಿರಬೇಕು," ಅಂತ ತಾವೇ ಹೇಳಿಕೊಂಡರು. ಮರುದಿನ ನನ್ನ ಹತ್ತಿರ ಬಂದು ನಿಂತರು. "ಯವ್ವಾ, ಒಂದೀಟು ಅಂಟು ಕೊಡು. ಕರಿ ಬಣ್ಣಾನೂ ಬೇಕು."

ಹುಣಸೆಬೀಜದ ಗಡಿಗೆಗೆ ಬೆನ್ನು ಮಾಡಿ ನಿಂತು ಎರಡನ್ನೂ ಕೊಟ್ಟೆ.

ಹಳೆ ಧೋತರದ ಚೂರುಗಳನ್ನು ಅಂಟಿನಿಂದ ಒಂದರ ಮೇಲೊಂದು ಕೂಡಿಸಿ, ಕಲ್ಲಿನಿಂದ ತೀಡಿ ಎಲೆ ಮಾಡಿದರು. ಆಮೇಲೆ ಏನು ಮಾಡಿದರು ಗೊತ್ತೇನ್ರಿ? ಕಿಲ್ವರ್ ಹೂವನ್ನು ಬಣ್ಣದಲ್ಲಿ ಬರೆಯಲಿಲ್ಲ. ಬಿಳಿಗಲ್ಲಿನ ಪುಡಿಯ ಸರಿಯಿಂದ ಉಬ್ಬಿಸಿ ಎತ್ತಿದರು, ದೇವಿಯ ಕೊರಳಿಗೆ ಸರ ಎತ್ತುವ ಹಾಗೆ! ನಮ್ಮವರ ಕೈಗೆ ಅದೇ ರೂಢಿ, ಚಪ್ಪಟೆ ಅನ್ನುವುದೇ ತಿಳಿಯದು. ಕೂಡಿಸಿಟ್ಟ ಎಲೆಗಳ ನಡುವೆ ಅದು ಸೇರಿದರೆ ಮೇಲಿನವೆಲ್ಲ ಓರೆಯಾಗಿ ಜಾರಿ ಬಿದ್ದವು.

"ಅಪ್ಪಾ, ಎಕ್ಕಾಗ ಒಡ್ಯಾಣ ಹಾಕಿ ಮದಲಗಿತ್ತಿ ಮಾಡೀದಿ," ಅಂದರು ನಮ್ಮ ಮನೆಯವರು. ಮಾವ ನಕ್ಕರು. ನಗುವುದನ್ನು ಮರೆತಿಲ್ಲ ಅನ್ನುವುದು ಆಗ ಗೊತ್ತಾಯಿತು.

ಬೆಳಗಾಗುವುದರೊಳಗೆ ಇಲಿ ಬಂದು ಆ ಮದಲಗಿತ್ತಿಯ ಅರ್ಧ ಮೈ ತಿಂದಿತ್ತು. ಹುಣಸೆಬೀಜದ ಅಂಟು ಅಂದರೆ ಇಲಿಗೆ ಅಂಬಲಿ ಇದ್ದ ಹಾಗೆ. ಈ ಸಲ ಅಂಟಿಗೆ ಮೈಲುತುತ್ತ ಬೆರೆಸಿದೆ. ಮಾವ ತೆಳ್ಳಗೆ, ಚಪ್ಪಟೆಗೆ ಇನ್ನೊಂದು ಮಾಡಿದರು. ಛಲೋ ಆಯಿತು. ಆದರೆ ಆಟಕ್ಕೆ ಕೂತರೆ ಮತ್ತೊಂದು ಪೇಚು. ಮಾಸ್ತರರ ಎಲೆಗಳ ಬೆನ್ನಿಗೆ ನೀಲಿ ಬಲೆಯ ಚಿತ್ತಾರ ಇತ್ತು, ಸವೆದು ಮಾಸಿತ್ತು. ಹೊಸ ಎಕ್ಕಾದ ಬೆನ್ನು ಮಾತ್ರ ಹೊಳೆಯುತ್ತಿತ್ತು. ಬೋರಲು ಹಾಕಿದರೂ ಅದು ಎಲ್ಲಿದೆ ಅಂತ ದೂರದಿಂದಲೇ ಕಾಣುತ್ತಿತ್ತು.

"ಗೊತ್ತಿದ್ದದ್ದನ್ನ ಆಡೂದೇನು?" ಅಂತ ಮಾವ ಎಲೆ ಕೂಡಿಸಿಟ್ಟರು. ಒಬ್ಬರೇ ಆಡುವ ಆಟ, ಕಂಡರೂ ಕಾಣದ ಹಾಗೆ ಇದ್ದರೆ ಕೇಳುವವರು ಯಾರು? ಅವರಿಗೆ ಅದು ಬರಲಿಲ್ಲ. ಹೊಸ ಎಕ್ಕಾದ ಬೆನ್ನು ತಿರುವಿ ನೋಡಿ ಅಂದರು, "ಎಲ್ಲಾ ಎಲಿ ಬೆನ್ನೂ ಹೊಸಾದು ಬರೀಬೇಕು. ಒಂದರಂಗ ಒಂದು. ಯವ್ವಾ, ನೀಲಿ ಅರಿ."

ಇಲ್ಲಿ ನಾನು ಇನ್ನೊಂದು ವಿಚಾರ ಮಾಡಿದೆ. ಎಲೆಯ ಬೆನ್ನಿಗೆ ಬೇಕಾದದ್ದು ಒಂದು ಚಿಟಿಕೆ ನೀಲಿ. ನಾನು ತೆಂಗಿನ ಪರಟಿ ತುಂಬ ಅರೆದೆ. ಅಂಟು ಕೂಡಿಸಿದ ಬಣ್ಣ ಮರುದಿನಕ್ಕೆ ಕಲ್ಲಾಗುತ್ತದೆ, ಮತ್ತೆ ಬರುವುದಿಲ್ಲ. ಅರೆದ ಬಣ್ಣ ಒಣಗಲು ಬಿಡಬಾರದು ಅನ್ನುವುದು ಅತ್ತೆಯ ಕಟ್ಟಪ್ಪಣೆ ಆಗಿತ್ತು. ಒಂದು ಹನಿ ಉಳಿದರೂ ಮಣೆಯ ಕಾಲಿಗಾದರೂ ಹಚ್ಚಿಸುತ್ತಿದ್ದರು. ಮಾವ ಆ ಮಾತಿಗೆ ಬದುಕಿಡೀ ಗೊಣಗಿದವರು, ಎಂದೂ ಮೀರಿದವರಲ್ಲ.

ಕೆಲವು ಎಲೆ ಬರೆದು ಮುಗಿಸಿ ಪರಟಿ ನೋಡಿದರು. "ಏಯ್, ಇಷ್ಟ್ಯಾಕ ಅರದಿ?"

"ಅಂದಾಜು ಸಿಗಲಿಲ್ರಿ ಮಾವಾರ."

"ಅಂದಾಜು ಸಿಗಲಿಲ್ಲಂತ! ಆಕಿ ಇದ್ದಿದ್ರ..." ಅಂದವರು ತಡೆದರು. ಪರಟಿ ಹಿಡಿದುಕೊಂಡು ಪಡಸಾಲೆಯಲ್ಲಿ ಅತ್ತಿತ್ತ ನೋಡಿದರು. ನೀಲಿ ಹಚ್ಚುವ ಜಾಗ ಮನೆಯಲ್ಲಿ ಒಂದೇ ಇತ್ತು, ತೊಟ್ಟಿಲ ತಲೆಕಡೆಯ ಹಲಗೆಯಲ್ಲಿ ಅಂಬೆಗಾಲಿಡುವ ಕೃಷ್ಣ. ಹೋಗಿ ಕೂತರು. ಅರ್ಧ ಗೆರೆ ಇದ್ದದ್ದನ್ನು ಹಸಿ ಬಟ್ಟೆಯಿಂದ ಒರೆಸಿ ಹೊಸದಾಗಿ ಎಳೆದರು. ಬೆನ್ನಿನಿಂದ ಪಾದದ ತನಕ ಒಂದೇ ಗೆರೆ. ಓಣಿಯಲ್ಲಿ ಏನೇನು ಹೋಯಿತೋ, ಯಾರು ಬಂದರೋ, ಅವರು ತಿರುಗಲಿಲ್ಲ.

ಮರುದಿನ ಎಲೆಯ ಬಲೆಗೆ ಹಸಿರು ಬೆರೆಸಿದರೆ ಚೆನ್ನ ಅಂತ ನಾನೇ ಅಂದೆ. ಗಿಳಿಗಳು ಹಸಿರಾದವು. ಅದರ ಮರುದಿನ ಅಂಚಿಗೆ ಕೆಂಪು. ಆನೆಯ ಬೆನ್ನ ಮೇಲಿನ ಜೂಲಾ ಕೆಂಪಾಯಿತು. ಮುಂಜಾನೆ ಎಲೆ, ಮಧ್ಯಾಹ್ನ ತೊಟ್ಟಿಲು. ಎಲೆಯ ಬೆನ್ನಿನ ಬಲೆ ಎಳೆದೆಳೆದು ಕೈಗೆ ಗೆರೆಯ ಲಯ ಹತ್ತುತ್ತಿತ್ತು, ಅದು ಆರುವ ಮೊದಲೇ ತೊಟ್ಟಿಲಿಗೆ ಕೂಡುತ್ತಿದ್ದರು. ಯುದ್ಧದ ದೆಸೆಯಿಂದ ಚಿತ್ರದ ಒಡವೆಗಳ ಹೊಳಪಿಗೆ ಹಚ್ಚುವ ತವರದ ರೇಕು ಪೇಟೆಯಲ್ಲಿ ಸಿಗುತ್ತಿರಲಿಲ್ಲ. ನಮ್ಮ ಮನೆಯವರು ತಾವೇ ಟೇಸನ್ನಿಗೆ ಹೋಗಿ, ತಾರ್ ಮಾಸ್ತರರನ್ನು ಕೇಳಿ, ಚಹಾ ಪೆಟ್ಟಿಗೆಯ ಒಳಗಿನ ತವರದ ಹಾಳೆ ತಂದರು. ಮಿಲ್ಲಿನ ಮಾತು ಬಿಟ್ಟು ಮತ್ತೆ ಗರಗಸ ಹಿಡಿದಿದ್ದರು.

ಗಂಗಾವತಿಯಿಂದ ಸುದ್ದಿ ಬಂತು. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಗಟ್ಟಿ. ನಾಳೆ ಗಾಡಿ ಬರುತ್ತದೆ.

ತೊಟ್ಟಿಲು ಥಳಥಳ ಹೊಳೆಯುತ್ತಿತ್ತು. ಆದರೆ ಕೃಷ್ಣ, ಆನೆ, ಗಿಳಿ ಎಲ್ಲದರ ಕಣ್ಣೂ ಖಾಲಿ.

ಗಾಡಿ ಬರುವ ದಿನ ಬೆಳಿಗ್ಗೆ ಮಾವ ಸ್ನಾನ ಮಾಡಿ ಬಂದು, ಅಳಿಲ ಕೂದಲ ಸಣ್ಣ ಕುಂಚ ತೆಗೆದಿಟ್ಟು, ತೊಟ್ಟಿಲ ಮುಂದೆ ಕೂತರು. ನಾನು ಕಾಡಿಗೆಯ ಕರಿ ಅರೆದು ಇಟ್ಟೆ. ಕುಂಚ ಮುಟ್ಟಲಿಲ್ಲ. ಎಲೆ ತೆಗೆದರು.

"ಒಂದ ಆಟ ಆಡ್ತೀನಿ. ಆಮ್ಯಾಲ ಕಣ್ಣು."

ನಮ್ಮ ಮನೆಯವರು ಹಣೆ ಹಣೆ ಬಡಿದುಕೊಂಡರು. ನಾನು ಬಾಯಿ ಮೇಲೆ ಬೆರಳಿಟ್ಟು ಸುಮ್ಮನಾಗಿಸಿದೆ. ಏಳು ಸಾಲು ಬಿದ್ದವು. ಬೆನ್ನೆಲ್ಲ ಒಂದೇ ಥರ, ಎಲ್ಲಿ ಏನಿದೆ ಯಾರಿಗೂ ಗೊತ್ತಿಲ್ಲ. ಮೊದಲು ಬದಾಮ್ ಎಕ್ಕಾ ಬಂತು. ಆಮೇಲೆ ಇಸ್ಪೀಟು. ಚೌಕಟ್ ಬಂತು. ಕಿಲ್ವರ್ ಮಾತ್ರ ಬರಲಿಲ್ಲ. ಯಾವುದೋ ಸಾಲಿನ ಬುಡದಲ್ಲಿ ಬೋರಲು ಬಿದ್ದಿತ್ತು, ಮೇಲಿನ ರಾಣಿ ಸರಿಯಲು ಜಾಗವಿರಲಿಲ್ಲ. ಆಟ ಕಟ್ಟಿಹೋಯಿತು.

ಮುಗಿಯಿತು ಅಂದುಕೊಂಡೆ. ಮಾವ ಎಲೆ ಕೂಡಿಸಿ, ಬಟ್ಟೆಯಲ್ಲಿ ಸುತ್ತಿ ಬದಿಗಿಟ್ಟರು.

"ಬೀಳಲಿಲ್ಲಲ್ರಿ ಮಾವಾರ," ಅಂದೆ.

"ಬೀಳಲಿ ಅಂತ ಯಾರು ಆಡಿದ್ರು? ಕಡೀತನಕ ಕುಂಡ್ರತೀನೋ ಇಲ್ಲೋ ನೋಡಿದೆ." ಕುಂಚ ಎತ್ತಿಕೊಂಡರು. "ಕುಂತೆ."

ಕೃಷ್ಣನ ಕಣ್ಣು, ಆನೆಗಳ ಕಣ್ಣು, ಒಂದೊಂದು ಗಿಳಿಗೂ ಕಣ್ಣು. ಪಡಸಾಲೆ ನಮ್ಮನ್ನು ನೋಡತೊಡಗಿತು. ಗಾಡಿಯ ಸದ್ದು ಓಣಿಯ ಮೂಲೆಯಲ್ಲಿ ಕೇಳಿಸಿತು. ಮಾವ ಏಳಲಿಲ್ಲ. ಆದರೆ ಕೊನೆಯ ಗಿಳಿಯ ಮುಂದೆ ಕೈ ನಿಂತಿತು. ಕುಂಚ ಗಾಳಿಯಲ್ಲಿ ಹಾಗೇ ಇತ್ತು, ಅವರ ಮುಖ ತಿರುಗಿತು, ಅಡುಗೆ ಮನೆಯ ಬಾಗಿಲ ಕಡೆಗೆ.

ಆಗ ನನಗೆ ತಿಳಿಯಿತು. ಇಷ್ಟು ತಿಂಗಳು ಅವರು ಓಡಿಹೋಗುತ್ತಿದ್ದದ್ದು ಗೆಜ್ಜೆಯ ಸದ್ದಿಗಲ್ಲ. ಗೆರೆ ಕೂಡಿದರೆ ಬಣ್ಣ, ಬಣ್ಣ ತುಂಬಿದರೆ ಕಣ್ಣು, ಕಣ್ಣು ಮುಗಿಯುತ್ತ ಬಂದರೆ ಈ ಒಂದು ಚುಕ್ಕೆ. ಕೈ ಒರೆಸಿಕೊಳ್ಳುತ್ತ ಬರುವವರು ಇಲ್ಲ. ಇಲ್ಲಿಗೆ ಬರಬಾರದು ಅಂತಲೇ ಅವರು ಯಾವ ಗೆರೆಯನ್ನೂ ಕೂಡಿಸಿರಲಿಲ್ಲ.

ಹೊರಗೆ ಗುಮಾಸ್ತ ಕೂಗಿದ, "ಆತೇನ್ರಿ?"

ಮಾವ ಕುಂಚವನ್ನು ನನ್ನ ಕಡೆಗೆ ಚಾಚಿದರು. "ಅರದಾಕಿ ಇಡಬೇಕು."

"ನಾನೇನ್ರಿ?"

"ಮತ್ತ್ಯಾರು ಅರದ್ರು? ಪರಟಿ ಪರಟಿ ತುಂಬ?"

ಕುಂಚ ತಗೊಂಡೆ. ಕಿಟ್ಟ ನಾದಿದ ಒರಟು ಕೈ, ಒಂದು ಚುಕ್ಕೆ ಇಟ್ಟದ್ದಿಲ್ಲ. ಗಿಳಿಯ ಹತ್ತಿರ ಹೋಗುತ್ತಲೇ ಗಡಗಡ ನಡುಗತೊಡಗಿತು. ಮಾವ ಬಗ್ಗಿ ನನ್ನ ಕಿವಿಯ ಹತ್ತಿರ ಮೆಲ್ಲಗೆ ಅಂದರು.

"ಎಕ್ಕಾ ಕದಿಯೂ ಮುಂದ ನಡುಗದ ಕೈ, ಈಗ್ಯಾಕ ನಡುಗತೈತಿ ಯವ್ವಾ?"

ನಾನು ನಕ್ಕುಬಿಟ್ಟೆ. ನಗುವಿನಲ್ಲೇ ಚುಕ್ಕೆ ಬಿತ್ತು. ಗಿಳಿ ಕಣ್ಣು ಬಿಟ್ಟಿತು, ಸ್ವಲ್ಪ ತುಂಟ ಕಣ್ಣು. ಗಾಡಿ ಹೊರಟು ಹೋದ ಮೇಲೆ ಗಡಿಗೆಯಿಂದ ಮಾಸ್ತರರ ಎಕ್ಕಾ ತೆಗೆದು ಮಾವನ ಮುಂದೆ ಇಟ್ಟೆ. "ಹೆಗ್ಗಣ ತಂದು ಕೊಟ್ತು," ಅಂದರು. ಅವರು ಆಮೇಲೆಯೂ ಬಹಳ ವರ್ಷ ಗೆರೆ ಎಳೆದರು. ಕೆಲಸಕ್ಕೆ ಕೂಡುವ ಮೊದಲು ಒಂದೇ ಆಟ, ಬಿದ್ದರೂ ಸರಿ, ಬೀಳದಿದ್ದರೂ ಸರಿ. ಬಣ್ಣವನ್ನು ನಾನೇ ಅರೆದೆ.

ಈಗ ನನಗೆ ಅರೆಯಲು ಆಗುವುದಿಲ್ಲ, ತೋಳು ಸೋತಿವೆ. ಈ ತೊಟ್ಟಿಲಿನ ಬಣ್ಣವನ್ನೆಲ್ಲ ಅರೆದವಳು ನನ್ನ ಸೊಸೆ. ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು, ಬೇಡ ಅಂದರೂ ಕೇಳದೆ ಅರೆದಳು. ಒಂದು ಪರಟಿ ಕರಿ ಈಗ ನನ್ನ ಬಗಲಲ್ಲೇ ಇದೆ, ಒಣಗುವ ಮೊದಲು ಆಗಬೇಕು.

ಒಳಗಿಂದ ಬರುತ್ತಿದ್ದಾಳೆ ನೋಡ್ರಿ, ಕೂಸನ್ನು ಎತ್ತಿಕೊಂಡು. ಮತ್ತೆ ಯಾರೋ ಕುರುಡು ಗಿಳಿ ಅಂತ ಕೂಗಿದರು. ಕೂಗಲಿ. ಕೂಸನ್ನು ನನ್ನ ಮಡಿಲಿಗೆ ಕೊಡವ್ವಾ, ಈ ಕುಂಚ ನೀ ಹಿಡಿ.